ಪಂಚನಾಮೆಯಲ್ಲಿ ಬರೆಯದ ಕಸುಬು

ಸರ್ಕಾರಿ ನೌಕರಿಗೆ ಅರ್ಜಿ ತುಂಬಿದವರಿಗೆ ಆ ಪ್ರಶ್ನೆ ಗೊತ್ತಿರುತ್ತದೆ. ಗ್ರಾಮೀಣ ಅಭ್ಯರ್ಥಿಯೇ, ಕನ್ನಡ ಮಾಧ್ಯಮದಲ್ಲಿ ಓದಿದವರೇ, ಮಾಜಿ ಸೈನಿಕರೇ ಎಂದು ಕೇಳುತ್ತ ಹೋಗುವ ಸಾಲಿನಲ್ಲಿ ಒಂದು ಕಡೆ 'ಯೋಜನಾ ನಿರಾಶ್ರಿತರೇ?' ಎಂದಿರುತ್ತದೆ. ರಾಜ್ಯದ ಹೆಚ್ಚಿನ ಜಿಲ್ಲೆಗಳ ಹುಡುಗರು 'ಇಲ್ಲ' ಎಂದು ಒತ್ತಿ ಮುಂದೆ ಹೋಗುತ್ತಾರೆ. ಬಾಗಲಕೋಟೆ ಕಡೆಯವರು ಅಲ್ಲಿ ನಿಲ್ಲುತ್ತಾರೆ. ಅಣೆಕಟ್ಟಿಗೆ, ಕಾಲುವೆಗೆ ನೆಲ ಬಿಟ್ಟುಕೊಟ್ಟ ಮನೆತನದವರಿಗೆ ಗ್ರೂಪ್ ಸಿ ಮತ್ತು ಡಿ ಹುದ್ದೆಗಳಲ್ಲಿ ಶೇ. 5ರಷ್ಟು ಮೀಸಲಾತಿ ಇದೆ. ಅದಕ್ಕೆ ಒಂದು ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಹಳೆಯ ಕಾಗದಗಳು ಬೇಕು.

ಆ ಕಾಗದ ಹುಡುಕಲು ನಾನು ಅನಗವಾಡಿಗೆ ಬಂದದ್ದು ಕೆಲಸ ಹೋದ ಮೂರನೆಯ ತಿಂಗಳಲ್ಲಿ. ಬೆಂಗಳೂರಿನ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ವಿಮೆಯ ಕಾಗದಪತ್ರ ಪರಿಶೀಲಿಸುವ ಕೆಲಸ ಮಾಡಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಕಂಪ್ಯೂಟರು ನನ್ನ ಪಾಸ್‌ವರ್ಡ್ ಒಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ತಿಂಗಳ ಸಂಬಳದ ಲೆಕ್ಕ ಇಮೇಲಿನಲ್ಲಿ ಬಂತು. ಅದರಲ್ಲಿ ನಾನು ವಾಪಸು ಕೊಡಬೇಕಾದ ವಸ್ತುಗಳ ಪಟ್ಟಿಯೂ ಇತ್ತು: ಲ್ಯಾಪ್‌ಟಾಪ್, ಅದರ ಚಾರ್ಜರ್, ಗುರುತಿನ ಚೀಟಿ, ಕಪಾಟಿನ ಕೀಲಿ. ಸರ್ಕಾರಿ ನೌಕರಿಯ ವಯೋಮಿತಿಗೆ ನನಗೆ ಇನ್ನೊಂದೇ ವರ್ಷ ಉಳಿದಿತ್ತು.

ಸೊಲ್ಲಾಪುರ–ಹುಬ್ಬಳ್ಳಿ ಹೆದ್ದಾರಿಯಲ್ಲಿ ಓಡಾಡಿದವರಿಗೆ ಅನಗವಾಡಿಯ ಹೆಸರು ಗೊತ್ತಿಲ್ಲದಿದ್ದರೂ ಅದರ ಸೇತುವೆ ಗೊತ್ತಿರುತ್ತದೆ. ಗದ್ದನಕೇರಿ ಕ್ರಾಸ್ ದಾಟಿ ಬೀಳಗಿ ಕಡೆ ಬರುವಾಗ ಘಟಪ್ರಭೆ ಅಡ್ಡ ಬರುತ್ತದಲ್ಲ, ಅದೇ. ಮಳೆಗಾಲ ಮುಗಿದ ಮೇಲೆ ಅಲ್ಲಿ ಕಾಣುವುದು ಹರಿಯುವ ಹೊಳೆಯಲ್ಲ, ಆಲಮಟ್ಟಿಯ ಹಿನ್ನೀರು. ನೋಡಲು ಚಂದ. ನಮ್ಮ ಹೊಲ ಅದರ ಕೆಳಗಿದೆ.

ಅವ್ವ ಕಬ್ಬಿಣದ ಟ್ರಂಕಿನಿಂದ ತೆಗೆದುಕೊಟ್ಟ ಕಾಗದಗಳಲ್ಲಿ ಭೂಸ್ವಾಧೀನದ ನೋಟೀಸು, ಹಣ ಪಾವತಿಯ ರಶೀದಿಗಳ ಜೊತೆ ಪಂಚನಾಮೆಯ ಪ್ರತಿಯೂ ಇತ್ತು. ನಾನು ಅದನ್ನು ನೋಡಿದ್ದು ಅದೇ ಮೊದಲು. ಬಹಳ ಶ್ರದ್ಧೆಯಿಂದ ಬರೆದ ಕಾಗದ ಅದು. ಬಾವಿ ಒಂದು, ಕಲ್ಲು ಕಟ್ಟಿದ್ದು, ಇಷ್ಟು ಅಡಿ ಆಳ. ಬೇವಿನ ಮರ ನಾಲ್ಕು, ಸುತ್ತಳತೆ ಇಷ್ಟಿಷ್ಟು. ಮಾವು ಎರಡು, ಫಲ ಬಿಡುವಂಥವು. ತೋಟದ ಮನೆಯ ತೊಲೆ ಎಷ್ಟು, ಜಂತಿ ಎಷ್ಟು, ಬಾಗಿಲಿನ ಚೌಕಟ್ಟು ಯಾವ ಕಟ್ಟಿಗೆಯದು, ಕಾಳು ತುಂಬುವ ಹಗೇವು ಎಷ್ಟು ಎಂಬುದೆಲ್ಲ ಇದೆ. ಮುತ್ಯಾನ ಹೆಸರಿನ ಮುಂದೆ ಉದ್ಯೋಗ ಎಂಬಲ್ಲಿ ಒಂದೇ ಶಬ್ದ: ಒಕ್ಕಲುತನ.

ಮುತ್ಯಾ ಮಾಡುತ್ತಿದ್ದ ಒಕ್ಕಲುತನ ಯಾವುದು ಎಂದು ಆಯಿಯನ್ನು ಕೇಳಿದರೆ ಅರ್ಧ ದಿನ ಹೇಳುತ್ತಾಳೆ. ಬ್ಯಾಸಗಿಯಲ್ಲಿ ಹೊಳೆ ಇಳಿದಾಗ ಉಸುಕಿನಲ್ಲಿ ಮೊಳಕಾಲುದ್ದ ತೆಗ್ಗು ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ, ಸೌತೆ ಹಚ್ಚುವುದು. ಯಾವ ತಿರುವಿನ ಉಸುಕು ತಂಪು ಹಿಡಿಯುತ್ತದೆ, ಯಾವುದು ಒಂದೇ ವಾರಕ್ಕೆ ಕಾಯುತ್ತದೆ ಎಂದು ಅಂಗಾಲಿನಿಂದ ತಿಳಿಯುವುದು. ಹೊಳೆ ಏರಿ ಇಳಿದ ಮೇಲೆ ಉಳಿದ ರೇವೆಯ ಬಣ್ಣ ನೋಡಿ ಹಿಂಗಾರಿಗೆ ಜೋಳವೋ ಕಡಲೆಯೋ ಎಂದು ನಿಶ್ಚಯಿಸುವುದು. "ಅಂವಗ ಮಡ್ಡಿ ಹೊಲಾ ಕೊಟ್ಟರ ಏನ ಮಾಡ್ಯಾನ ತಮ್ಮಾ, ಅಂವ ಹೊಳೀ ಮನಶ್ಯಾ ಇದ್ದ" ಎಂದಳು ಆಯಿ. ಪರಿಹಾರದ ಹಣದಲ್ಲಿ ಎತ್ತರದ ಮಡ್ಡಿಯಲ್ಲಿ ಎರಡು ಎಕರೆ ಕೊಂಡಿದ್ದರಂತೆ. ಮುತ್ಯಾನಿಗೆ ಆ ಮಣ್ಣಿನ ಭಾಷೆ ಬರಲಿಲ್ಲ. ಅರವತ್ತರ ವಯಸ್ಸಿನಲ್ಲಿ ಅವನು ಮತ್ತೆ ಒಂದನೇ ಇಯತ್ತೆಗೆ ಕೂತಂತಾಯಿತು. ಎರಡು ಹಂಗಾಮು ಬಿತ್ತಿದ. ಮೂರನೆಯದಕ್ಕೆ ಕಟ್ಟೆಯ ಮೇಲೆ ಕೂತ.

ನನ್ನ ಕಂಪನಿಯ ಇಮೇಲಿನ ಪಟ್ಟಿಯೂ ಮುತ್ಯಾನ ಪಂಚನಾಮೆಯೂ ಒಂದೇ ಜಾತಿಯ ಕಾಗದಗಳು ಎಂದು ನನಗೆ ಅನಿಸಿದ್ದು ಆಗ. ವಸ್ತುವಿಗೆಲ್ಲ ಲೆಕ್ಕ ಇದೆ, ಕಸುಬಿಗೆ ಇಲ್ಲ. ಆಮೇಲೆ ಕೆಲಸವಿಲ್ಲದ ಆ ತಿಂಗಳುಗಳಲ್ಲಿ ಓದಿದಂತೆಲ್ಲ, ಘಟಪ್ರಭೆ ಮತ್ತು ಕೃಷ್ಣೆಯ ನಡುವಿನ ಈ ನಾಲ್ಕು ತಾಲೂಕುಗಳಲ್ಲಿ, ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯಲ್ಲಿ, ಈ ಲೆಕ್ಕದ ತಪ್ಪು ಹಳೆಯದು ಎಂದು ಕಾಣತೊಡಗಿತು.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕಥೆ. ಮುಧೋಳ ತಾಲೂಕಿನ ಹಲಗಲಿ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಆ ಲಾವಣಿಯನ್ನು ಓದದವರು ಕಡಿಮೆ. 1857ರಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಹತ್ಯಾರಗಳನ್ನು ತಂದು ಒಪ್ಪಿಸಬೇಕು, ಇಟ್ಟುಕೊಳ್ಳುವುದಾದರೆ ಪರವಾನಗಿ ಬೇಕು. ಆಗ ಘೋರ್ಪಡೆಯವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಇದನ್ನು ಓದುತ್ತೇವೆ, ಓದಬೇಕಾದದ್ದೇ. ಆದರೆ ಶಾಲೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಹತ್ಯಾರ ಬೇಡರಿಗೆ ಏನಾಗಿತ್ತು? ಗೋಡೆಗೆ ತೂಗುಹಾಕುವ ಮರ್ಯಾದೆಯಷ್ಟೇ ಆಗಿರಲಿಲ್ಲ. ಬೇಟೆ, ಊರ ಕಾವಲು, ಯಾರಾದರೂ ದೊರೆ ಕರೆದರೆ ದಂಡಿನ ಚಾಕರಿ, ಇವೆಲ್ಲ ಅದರಿಂದ ನಡೆಯುತ್ತಿದ್ದವು. ಬಡಗಿಯ ಕೈಯಿಂದ ಉಳಿ ಕಸಿದುಕೊಂಡ ಹಾಗೆ. ಕಾಯ್ದೆ ಬರೆದವರ ಕಣ್ಣಿಗೆ ಅದು ಕಬ್ಬಿಣವಾಗಿ ಕಂಡಿತು, ಇಟ್ಟುಕೊಂಡವನಿಗೆ ಅದು ಉದ್ಯೋಗವಾಗಿತ್ತು.

ವಿಚಿತ್ರವೆಂದರೆ ಲೂಟಿಯಾದದ್ದನ್ನು ಲೆಕ್ಕ ಹಾಕಿದ್ದು ಸರ್ಕಾರವಲ್ಲ, ಲಾವಣಿಕಾರ. ಕಬ್ಬಿಣದ ಸಾಮಾನು, ಹಾಲು ಮೊಸರು, ಉಪ್ಪು ಎಣ್ಣೆ, ಹೆಣ್ಣುಮಕ್ಕಳ ಮಂಗಳಸೂತ್ರ, ಬೀಸುವ ಕಲ್ಲು ಸಹ ಬಿಡದೆ ಆ ಹಾಡು ಎಣಿಸುತ್ತ ಹೋಗುತ್ತದೆ. ಶಾಲೆಯಲ್ಲಿ ಆ ಪಟ್ಟಿ ಬಾಯಿಪಾಠ ಮಾಡುವಾಗ ನಮಗೆ ನಗು ಬರುತ್ತಿತ್ತು, ಯುದ್ಧದ ಹಾಡಿನಲ್ಲಿ ಬೆಣ್ಣೆ ಯಾಕೆ ಎಂದು. ಈಗ ನಗು ಬರುವುದಿಲ್ಲ. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ 1880ರ ದಶಕದಲ್ಲಿ ಈ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸದೆ ಇದ್ದಿದ್ದರೆ ಆ ಪಂಚನಾಮೆಯೂ ಉಳಿಯುತ್ತಿತ್ತೋ ಇಲ್ಲವೋ.

ಹತ್ಯಾರ ಹೋದ ಮೇಲೆ ಉಳಿದದ್ದು ಊರ ಕಾವಲು. ತಳವಾರ, ವಾಲೀಕಾರ, ಶೇತಸನದಿ ಎಂಬ ಹೆಸರುಗಳಲ್ಲಿ, ಒಂದಿಷ್ಟು ಚಾಕರಿ ಹೊಲದ ಮೇಲೆ, ಕೈಯಲ್ಲಿ ಬಡಿಗೆ ಹಿಡಿದು ಮಾಡುವ ಕೆಲಸ. ಈ ಭಾಗದಲ್ಲಿ ಇವತ್ತಿಗೂ ಎಷ್ಟು ಜನರ ಅಡ್ಡಹೆಸರು ತಳವಾರ ಎಂಬುದನ್ನು ಓದುಗರು ತಮ್ಮ ತರಗತಿಯ ಹಾಜರಿ ನೆನೆಸಿಕೊಂಡರೆ ತಿಳಿಯುತ್ತದೆ.

ಅದಾಗಿ ಇಪ್ಪತ್ತು ವರ್ಷಕ್ಕೆ ಬಂದದ್ದು 1876–78ರ ಬರ. ಆಗ ಇದು ಕಲಾದಗಿ ಜಿಲ್ಲೆ; ಮುಖ್ಯ ಠಾಣೆ ವಿಜಯಪುರಕ್ಕೆ ಹೋದದ್ದು 1885ರಲ್ಲಿ. 1872ರ ಜನಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ ಆರೂವರೆ ಲಕ್ಷದೊಳಗೆ ಇಳಿದಿತ್ತು. ಬರದ ಕಾಮಗಾರಿ ಎಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು, ರಸ್ತೆ ಹಾಕುವುದು. ಖರ್ಚು ಹಿಡಿತದಲ್ಲಿಡಲು ಬಂದ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಕಾಳು ಮತ್ತು ಒಂದಾಣೆಗೆ ಇಳಿಸಿದ. ಕಮ್ಮಾರ, ಒಕ್ಕಲಿಗ, ನೇಕಾರ, ಯಾರೇ ಬರಲಿ, ಎಲ್ಲರಿಗೂ ಒಂದೇ ಸುತ್ತಿಗೆ.

ನೇಕಾರರ ವಿಷಯದಲ್ಲಿ ಮಾತ್ರ ಈ ಲೆಕ್ಕ ಸ್ವಲ್ಪ ಅಲುಗಾಡಿತು. ಇದು ನನಗೆ ಬಹಳ ಕುತೂಹಲದ ಸಂಗತಿ. ನೂಲಿನ ಎಳೆಯ ಮೇಲೆ ಓಡಾಡುವ ಬೆರಳು ಎರಡು ತಿಂಗಳು ಜಲ್ಲಿ ಒಡೆದರೆ ದಡ್ಡುಗಟ್ಟುತ್ತದೆ. ಬರ ಮುಗಿದ ಮೇಲೆ ಮಗ್ಗಕ್ಕೆ ಕೂತರೆ ಎಳೆ ಸಿಗುವುದಿಲ್ಲ, ಸಿಕ್ಕರೆ ಹರಿಯುತ್ತದೆ. ಅಂದರೆ ಪರಿಹಾರವೇ ಕಸುಬನ್ನು ಕೊಲ್ಲುತ್ತದೆ. ಇದನ್ನು ಗಮನಿಸಿದ ಕೆಲವರು ವಾದ ಮಾಡಿದರು, ಬರದ ಆಯೋಗಗಳು ಚರ್ಚಿಸಿದವು, 1896–97ರ ಬರದಲ್ಲಿ ಸೊಲ್ಲಾಪುರದ ನೇಕಾರರಿಗೆ ಅವರ ಮನೆಯಲ್ಲೇ, ಅವರ ಮಗ್ಗದ ಮೇಲೆಯೇ ಕೆಲಸ ಕೊಟ್ಟು ಬಟ್ಟೆ ಕೊಂಡುಕೊಳ್ಳುವ ಏರ್ಪಾಡಾಯಿತು. ಕೆಲಸ ಕಳೆದುಕೊಂಡವನ ಕೈಗಳನ್ನು ಬರೀ ಕೂಲಿಯ ಕೈಗಳಂತೆ ಕಾಣದೆ, ಅವುಗಳಲ್ಲಿ ಏನೋ ಕಲಿಕೆ ಇದೆ ಎಂದು ಸರ್ಕಾರ ಒಪ್ಪಿದ ಅಪರೂಪದ ಗಳಿಗೆ ಅದು. ವಸಾಹತು ಸರ್ಕಾರಕ್ಕೆ ಇದು ಕರುಣೆಯಿಂದಷ್ಟೇ ಹೊಳೆದದ್ದಲ್ಲ, ಬರ ಮುಗಿದ ಮೇಲೆ ನೇಕಾರ ಮತ್ತೆ ತನ್ನ ಕಾಲ ಮೇಲೆ ನಿಂತರೆ ಖರ್ಚು ಕಡಿಮೆ ಎಂಬ ಲೆಕ್ಕವೂ ಇತ್ತು. ಇರಲಿ. ಲೆಕ್ಕವಾದರೂ ಸರಿಯಾಗಿತ್ತು.

ನಮ್ಮ ಕಡೆಯ ನೇಕಾರರನ್ನು ನೋಡಬೇಕಾದರೆ ಬನಹಟ್ಟಿ, ರಬಕವಿಗೆ ಹೋಗಬೇಕು. ಕಾಲೇಜಿನ ಗೆಳೆಯನೊಬ್ಬನ ಮನೆ ಬನಹಟ್ಟಿಯಲ್ಲಿದೆ. ಅವನ ಮುತ್ಯಾ ಕುಣಿಮಗ್ಗದಲ್ಲಿ ನೇಯ್ದವರು, ಅಪ್ಪ ಕೈಮಗ್ಗದಲ್ಲಿ ಶುರುಮಾಡಿ ವಿದ್ಯುತ್ ಮಗ್ಗಕ್ಕೆ ಬಂದವರು, ಅವನು ಪುಣೆಯಲ್ಲಿ ನೌಕರಿಯಲ್ಲಿದ್ದಾನೆ. ಕೆಲಸ ಹುಡುಕುವ ನೆಪದಲ್ಲಿ ಆ ಮನೆಯಲ್ಲಿ ನಾಲ್ಕು ದಿನ ಇದ್ದೆ. ಬೆಳಗಿನ ಐದಕ್ಕೇ ಓಣಿಯೆಲ್ಲ ಖಟಖಟ. ಆ ಸದ್ದಿನಲ್ಲಿ ಮಾತಾಡುವುದು ನನಗೆ ಆಗಲಿಲ್ಲ, ಅವರಿಗೆ ಅದು ಕೇಳಿಸುವುದೇ ಇಲ್ಲ. ಕೇಳಿಸುವುದಿಲ್ಲ ಎಂದರೆ ತಪ್ಪು. ಒಂದು ಮಗ್ಗದ ತಾಳ ಕೂದಲೆಳೆಯಷ್ಟು ತಪ್ಪಿದರೂ ಮಾವ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಹೋಗುತ್ತಿದ್ದರು.

"ಕೈಮಗ್ಗ ಕಾಲಾಗ ಇತ್ರಿ, ಇದು ಕಿಂವಿಯೊಳಗ ಐತಿ" ಎಂದರು ಅವರು. ಕುಣಿಮಗ್ಗದಲ್ಲಿ ತೆಗ್ಗಿನೊಳಗೆ ಕಾಲು ಇಳಿಬಿಟ್ಟು ಮೆಟ್ಟುವವನಿಗೆ ಎಳೆಯ ಬಿಗಿ ಅಂಗಾಲಿಗೆ ತಿಳಿಯುತ್ತದೆ. ಲಾಳಿ ಎಸೆಯುವ ಕೈ, ಹಲಗೆ ಬಡಿಯುವ ಕೈ, ಮೆಟ್ಟುವ ಕಾಲು, ಇವು ಮೂರರ ಹೊಂದಾಣಿಕೆ ಕಲಿಯಲು ಅವರಿಗೆ ಹುಡುಗತನದ ಮೂರು ವರ್ಷ ಹಿಡಿದಿತ್ತು. ವಿದ್ಯುತ್ ಮಗ್ಗ ಬಂದಾಗ ಆ ಮೂರೂ ಬೇಕಾಗಲಿಲ್ಲ. ಹಾಗಾದರೆ ಎಲ್ಲವೂ ಹೊಸದಾಗಿ ಕಲಿಯಬೇಕಾಯಿತೇ? ಇಲ್ಲವಂತೆ. ಹರಿದ ಎಳೆಯನ್ನು ಗಂಟು ಹಾಕುವುದು ಹಳೆಯದೇ. ಯಾವ ನೂಲು ಮೋಡದ ದಿನ ಸಡಿಲಾಗುತ್ತದೆ, ಯಾವ ಬಣ್ಣ ಕೈಗೆ ಹತ್ತುತ್ತದೆ ಎಂಬುದು ಹಳೆಯದೇ. ಇಳಕಲ್ ಸೀರೆಗೆ ಸೆರಗಿನ ಹಾಸನ್ನೂ ಒಡಲಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ತೋಪು ತೆನೆಯ ಕೆಲಸ ಗೊತ್ತಿದ್ದವರ ಕಣ್ಣು ಯಂತ್ರದ ಬಟ್ಟೆಯಲ್ಲೂ ದೋಷವನ್ನು ಮೊದಲು ಹಿಡಿಯುತ್ತದೆ. ಹೊಸದಾಗಿ ಬಂದದ್ದು ಮೋಟಾರು, ಬೆಲ್ಟು, ಎಣ್ಣೆ, ಒಂದಕ್ಕಿಂತ ಹೆಚ್ಚು ಮಗ್ಗದ ಮೇಲೆ ಒಟ್ಟಿಗೆ ಗಮನ, ಮತ್ತೆ ಕರೆಂಟು ಹೋದರೆ ಬರುವವರೆಗೆ ಸುಮ್ಮನೆ ಕೂಡುವ ತಾಳ್ಮೆ. ಕೊನೆಯದೇ ಕಠಿಣ ಎಂದು ನಕ್ಕರು.

ಇದನ್ನೆಲ್ಲ ಅವರಿಗೆ ಕಲಿಸಿದ್ದು ಯಾವ ತರಬೇತಿ ಕೇಂದ್ರವೂ ಅಲ್ಲ. ಮೊದಲು ಯಂತ್ರ ಹಾಕಿಸಿದ ಸೇಠರ ಕಾರಖಾನೆಯಲ್ಲಿ ಓಣಿಯವನೊಬ್ಬ ಕೆಲಸಕ್ಕಿದ್ದ. ಅವನ ಪಕ್ಕದಲ್ಲಿ ಹದಿನೈದು ದಿನ ಪಗಾರಿಲ್ಲದೆ ನಿಂತರು, ಅಷ್ಟೇ.

1985ರಲ್ಲಿ ಸಂಸತ್ತು ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆ ಮೀಸಲಿಡುವ ಕಾಯ್ದೆ ಮಾಡಿತು. ಮೊದಲು 22 ಬಗೆಗಳಿದ್ದವು, ಆಮೇಲೆ 11ಕ್ಕೆ ಇಳಿದವು. ಅಂಚಿನ ಸೀರೆ, ಧೋತರ, ಟವೆಲು, ಲುಂಗಿ ಎಂದು ಅಲ್ಲಿಯೂ ಪಟ್ಟಿ ಇರುವುದು ವಸ್ತುಗಳದ್ದೇ. ಮಗ್ಗದ ಮುಂದೆ ಕೂತವನಿಗೆ ನೇಕಾರ ಎಂಬ ಗುರುತಿನ ಚೀಟಿ ಸಿಗುತ್ತದೆ. ಕಂಡಿಕೆ ಸುತ್ತುವ, ಹಾಸಿಗೆ ಗಂಜಿ ಹಾಕುವ, ಹರಿದ ಎಳೆ ಕೂಡಿಸುವ ಹೆಂಗಸರು ಕೈಮಗ್ಗ ನಿಂತ ದಿನ ಗಂಡಸರ ಜೊತೆಗೇ ಕೆಲಸ ಕಳೆದುಕೊಂಡರು, ಅವರನ್ನು ನಿರುದ್ಯೋಗಿ ಎಂದು ಯಾರೂ ಕರೆಯಲಿಲ್ಲ. ಗೆಳೆಯನ ತಾಯಿ ಆಮೇಲೆ ಸೀರೆಯ ಸೆರಗಿಗೆ ಗೊಂಡೆ ಕಟ್ಟುವುದನ್ನು ಕಲಿತರು. ಕಂಡಿಕೆ ಸುತ್ತಿದ ಬೆರಳೇ ಅದಕ್ಕೂ ಬೇಕಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಕೆಲಸ ಹೋದವರಲ್ಲಿ ಒಂದು ಗುಂಪಿನ ಬಗ್ಗೆ ಮಾತಾಡಲು ನಮಗೆ ಸ್ವಲ್ಪ ಸಂಕೋಚವಿದೆ, ಏಕೆಂದರೆ ಅವರ ಕೆಲಸ ಹೋದದ್ದು ಒಳ್ಳೆಯದಕ್ಕೇ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತಕ್ಕೆ ಸೇರಿದವು. ದರಬಾರು, ಕಾರಕೂನಿಕೆ, ಕುದುರೆ ಲಾಯ ಎಲ್ಲ ಮುಗಿದವು. 1950ರಲ್ಲಿ ಮುಂಬೈ ಸರ್ಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡುವ ಕಾಯ್ದೆ ತಂದಿತು. ಊರ ಲೆಕ್ಕ ಬರೆಯುವುದು ಅಪ್ಪನಿಂದ ಮಗನಿಗೆ ಇಳಿಯುವ ಹಕ್ಕಾಗಿ ಉಳಿಯಲಿಲ್ಲ. ಸಂಬಳದ ತಲಾಠಿ ಬಂದ. ಕರ್ನಾಟಕದ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಪಾಟೀಲರಿಂದ ತಳವಾರರವರೆಗೆ ವಂಶದ ಊರಚಾಕರಿಗಳೂ ಮುಗಿದವು. ನಿಗದಿತ ಹಣ ಕಟ್ಟಿದರೆ ಚಾಕರಿಯ ಜಮೀನು ಮರುಮಂಜೂರಾಗುತ್ತಿತ್ತು. ಕುಲಕರ್ಣಿಗಳ ಲೆಕ್ಕಣಿಕೆಯ ಕೈಯಲ್ಲಿ ಊರು ಎಷ್ಟು ನರಳಿತ್ತು ಎಂಬುದು ಗೊತ್ತಿದ್ದವರು ಆ ಕಾಯ್ದೆಗೆ ಕಣ್ಣೀರು ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಆದರೆ ಅವರ ಜೊತೆ ಒಂದು ವಿದ್ಯೆಯೂ ಮೂಲೆಗೆ ಹೋಯಿತು. ಅದರ ಮಾತನ್ನು ಆಮೇಲೆ ಹೇಳುತ್ತೇನೆ.

ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಹಿನ್ನೀರು ನಮ್ಮ ಹೊಲದವರೆಗೆ ಏರಲು ಮೂರು ದಶಕಗಳಿಗಿಂತ ಹೆಚ್ಚು ಹಿಡಿಯಿತು. ನಡುವಿನ ಆ ಕಾಲವನ್ನು ನೆನೆಸಿಕೊಂಡರೆ ಅಪ್ಪನಿಗೆ ಈಗಲೂ ಸಿಟ್ಟು ಬರುತ್ತದೆ. ಮುಳುಗುತ್ತದೆ ಎಂದು ಗೊತ್ತಿರುವ ಹೊಲಕ್ಕೆ ಯಾರು ಬಾವಿ ಆಳ ಮಾಡಿಸುತ್ತಾರೆ? ಮುಳುಗುವ ಊರಿಗೆ ಯಾರು ಹೆಣ್ಣು ಕೊಡುತ್ತಾರೆ? ಕೆಲಸ ಹೋಗುವ ಮೊದಲೇ ಕೆಲಸದ ಮೇಲಿನ ಆಸೆ ಹೋಗಿತ್ತು. ಪುನರ್ವಸತಿ ಸರಿಯಾಗಿ ನಡೆಯುತ್ತಿಲ್ಲ ಎಂಬ ಕಾರಣಕ್ಕೆ ವಿಶ್ವಬ್ಯಾಂಕ್ 1992ರಲ್ಲೊಮ್ಮೆ, 1995ರಲ್ಲಿ ಇನ್ನೊಮ್ಮೆ ಕೃಷ್ಣಾ ಮೇಲ್ದಂಡೆ ಯೋಜನೆಗೆ ಹಣ ನಿಲ್ಲಿಸಿತ್ತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2000ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಎತ್ತರಕ್ಕೆ ಅನುಮತಿ ಕೊಟ್ಟಿತು. ಹಳೆ ಬಾಗಲಕೋಟೆಯ ಓಣಿಗಳು ನೀರಿಗೆ ಹೋದವು. ಚಾರ್ಲ್ಸ್ ಕೊರಿಯಾ ನಕ್ಷೆ ಹಾಕಿದ ನವನಗರ ಬೆಳೆಯಿತು. ವಿದೇಶಿ ಪತ್ರಿಕೆಗಳೂ ಬರೆದ ಊರು ಅದು. ಆ ಊರನ್ನು ಕಟ್ಟಿದ ಕೈಗಳಲ್ಲಿ ಹೊಲ ಕಳೆದುಕೊಂಡ ಒಕ್ಕಲಿಗರ ಮಕ್ಕಳವೂ ಇದ್ದವು ಎಂಬುದನ್ನು ಮಾತ್ರ ಯಾರೂ ಬರೆದದ್ದು ನಾನು ನೋಡಿಲ್ಲ.

ನನ್ನ ಕಾಕಾ ಅವರಲ್ಲೊಬ್ಬ. ಹೊಲ ಹೋದಾಗ ಅವನಿಗೆ ಇಪ್ಪತ್ತೆರಡು. ನವನಗರದ ಒಂದು ಕಟ್ಟಡದಲ್ಲಿ ಸಿಮೆಂಟು ಹೊರಲು ಹೋದ. ಮೇಸ್ತ್ರಿಯ ಕೈಯಲ್ಲಿದ್ದ ತೂಗುಗುಂಡನ್ನು ಆರು ತಿಂಗಳು ನೋಡುತ್ತ ಇದ್ದ. ಒಂದು ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಎರಡು ವರಸೆ ಇಟ್ಟಿಗೆ ಇಟ್ಟು ನೋಡಿದ. ಮೇಸ್ತ್ರಿ ಬಂದು ಕೆಡವಿದ. ಮರುದಿನ ಮತ್ತೆ ಇಟ್ಟ. "ಮೂರನೇ ಸರ್ತಿ ಕೆಡವಲಿಲ್ಲ, ಗುಂಡ ನನ್ನ ಕೈಯಾಗ ಕೊಟ್ಟಾ" ಎಂದು ಕಾಕಾ ಹೇಳುವಾಗ ಇವತ್ತಿಗೂ ಅವನ ಬೆನ್ನು ನೆಟ್ಟಗಾಗುತ್ತದೆ. ಆಮೇಲೆ ಗೋವಾ, ಮಂಗಳೂರು ಎಂದು ಸುತ್ತಿದ, 2020ರ ಲಾಕ್‌ಡೌನ್‌ನಲ್ಲಿ ಹಿಂದಿರುಗಿದ. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 275 ರೂಪಾಯಿ. ಇಪ್ಪತ್ತು ವರ್ಷದ ಗಾರೆ ಕೆಲಸದವನೂ ನಿನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗನೂ ಒಂದೇ ಬದುವಿನ ಮೇಲೆ ಒಂದೇ ಸಲಿಕೆ ಹಿಡಿದು ನಿಂತರು. ಬರದ ಕಾಮಗಾರಿಯ ಸುತ್ತಿಗೆ ನನಗೆ ನೆನಪಾಗಲು ಕಾರಣ ಇದೇ. ಅಂದರೆ ಆ ಕೂಲಿ ಬೇಡವಾಗಿತ್ತು ಎಂದಲ್ಲ. ಆ ನಾಲ್ಕು ತಿಂಗಳು ನಮ್ಮ ಮನೆಯ ಒಲೆ ಉರಿದದ್ದು ಅದರಿಂದಲೇ.

ಇನ್ನು ಕಾನೂನು. ನಮ್ಮ ಹೊಲ ಹೋದದ್ದು 1894ರ ಭೂಸ್ವಾಧೀನ ಕಾಯ್ದೆಯ ಅಡಿ. ನೆಲದ ಮಾರುಕಟ್ಟೆ ದರ, ನಿಂತ ಬೆಳೆ, ಮರ, ಅದರ ಮೇಲೆ ಬಲವಂತದ ಸ್ವಾಧೀನಕ್ಕೆ ಸಮಾಧಾನವೆಂದು ಶೇ. 30. ಹೊಲದ ಒಡೆಯನಿಗೆ ಇಷ್ಟು ಸಿಕ್ಕಿತು. ಅದೇ ಹೊಲದಲ್ಲಿ ದುಡಿಯುತ್ತಿದ್ದ ಆಳು, ಹೊಲಕ್ಕೆ ನೇಗಿಲು ಮಾಡಿಕೊಡುತ್ತಿದ್ದ ಬಡಗಿ ಕಾಗದದಲ್ಲಿ ಇಲ್ಲವೇ ಇಲ್ಲ. ಮುತ್ಯಾನ ಜೊತೆ ಉಸುಕಿನಲ್ಲಿ ಕಲ್ಲಂಗಡಿ ಹಚ್ಚುತ್ತಿದ್ದ ಇಬ್ಬರು ಹೆಣ್ಣಾಳುಗಳ ಹೆಸರು ಆಯಿಗೆ ಬಾಯಿಪಾಠ. ಪಂಚನಾಮೆಯಲ್ಲಿ ಬೇವಿನ ಮರಗಳಿವೆ, ಅವರಿಲ್ಲ.

2013ರ ಹೊಸ ಕಾಯ್ದೆ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅದರಲ್ಲಿ ಬಾಧಿತ ಕುಟುಂಬವೆಂದರೆ ನೆಲದ ಒಡೆಯರಷ್ಟೇ ಅಲ್ಲ. ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲಿ ದುಡಿದು ಬದುಕಿದ ಕೃಷಿ ಕೂಲಿಗಳು, ಗೇಣಿದಾರರು, ಕಸುಬುದಾರರು ಕೂಡ. ಎರಡನೆಯ ಅನುಸೂಚಿಯಲ್ಲಿ, ಯೋಜನೆಯಿಂದ ಉದ್ಯೋಗ ಹುಟ್ಟುವುದಾದರೆ ತಕ್ಕ ತರಬೇತಿ ಕೊಟ್ಟು ಕುಟುಂಬದ ಒಬ್ಬರಿಗಾದರೂ ಕೆಲಸ ಕೊಡಬೇಕು ಎಂದಿದೆ. ಇಲ್ಲವಾದರೆ ಒಮ್ಮೆಗೆ 5 ಲಕ್ಷ, ಅಥವಾ 20 ವರ್ಷ ತಿಂಗಳಿಗೆ 2 ಸಾವಿರಕ್ಕೆ ಕಡಿಮೆಯಿಲ್ಲದ ವರ್ಷಾಶನ. ಹಲಗಲಿಯಿಂದ ಲೆಕ್ಕ ಹಿಡಿದರೆ 156 ವರ್ಷಗಳ ಮೇಲೆ ಕಸುಬು ಎಂಬುದು ಪಟ್ಟಿಗೆ ಬಂತು. ಬಂದದ್ದೇನೋ ಸರಿ, ಆದರೆ 'ಅಥವಾ' ಎಂಬ ಶಬ್ದದ ಜೊತೆಗೆ ಬಂತು. ತರಬೇತಿಗೂ ಹಣಕ್ಕೂ ನಡುವೆ 'ಅಥವಾ' ಇಟ್ಟರೆ ಕಚೇರಿಗಳು ಯಾವುದನ್ನು ಆರಿಸಿಕೊಳ್ಳುತ್ತವೆ ಎಂದು ಹೇಳಲು ಜ್ಯೋತಿಷ್ಯ ಬೇಡ. ಚೆಕ್ಕು ಬರೆಯುವುದು ಒಂದು ಮಧ್ಯಾಹ್ನದ ಕೆಲಸ, ಕಲಿಸುವುದು ವರ್ಷದ ಕೆಲಸ.

ಕಲಿಸಿದವರು ಇಲ್ಲದೇ ಇಲ್ಲ. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನು ಆಮೇಲೆ ಕೇಂದ್ರ ಸರ್ಕಾರವೇ ದೇಶದ ಎಲ್ಲ ಜಿಲ್ಲೆಗಳಿಗೂ ಒಯ್ಯಲು ಹೊರಟಿತು. ಊಟ, ವಸತಿ ಉಚಿತ. ಕೆಲವೇ ವಾರಗಳ ತರಬೇತಿ. ಆಮೇಲೆ ಬ್ಯಾಂಕ್ ಸಾಲಕ್ಕೆ ಕೈಹಿಡಿಯುವುದು. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ ಕಲಿತು ನಿಂತವರು ನಮ್ಮ ಕಡೆಯೂ ಇದ್ದಾರೆ. ಆದರೆ ಹಿನ್ನೀರಿನ ದಂಡೆಯಲ್ಲಿ ಮೊದಲು ಕೇಳಬೇಕಾದದ್ದು ಏನು ಕಲಿಸೋಣ ಎಂದಲ್ಲ, ನಿನಗೆ ಈಗಾಗಲೇ ಏನು ಬರುತ್ತದೆ ಎಂದು. ಮುತ್ಯಾನನ್ನು ಯಾರಾದರೂ ಹಾಗೆ ಕೇಳಿದ್ದರೆ ಅವನು ಮಡ್ಡಿಯಲ್ಲಿ ಎರಡು ಎಕರೆ ಕೊಳ್ಳುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಹೊಳೆಯ ಮೇಲಿನ ಯಾವುದೋ ಊರಲ್ಲಿ ಉಸುಕಿನ ದಂಡೆ ಹಿಡಿಯುತ್ತಿದ್ದ.

ಈ ಪ್ರಶ್ನೆ ಹಳೆಯದಾಗಿ ಮುಗಿದಿಲ್ಲ. ಆಲಮಟ್ಟಿಯ ಎತ್ತರ 524.256 ಮೀಟರಿಗೆ ಏರಬೇಕಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮೂರನೆಯ ಹಂತದ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ಎಂದು ದರ ನಿಶ್ಚಯಿಸಿತು. 75 ಸಾವಿರಕ್ಕೂ ಹೆಚ್ಚು ಎಕರೆ. ಚಹಾದಂಗಡಿಯಲ್ಲಿ ಈಗ ನಡೆಯುವುದೆಲ್ಲ ಈ ದರದ ಮಾತು. ಮುತ್ಯಾನ ಕಾಲದ ದರ ಕೇಳಿದರೆ ಇವತ್ತಿನ ಹುಡುಗರು ನಂಬುವುದಿಲ್ಲ, ಆ ಹೋಲಿಕೆಯಲ್ಲಿ ಇದು ದೊಡ್ಡ ಗೆಲುವೇ. ಆ ಹಣದಲ್ಲಿ ಏನು ಮಾಡುತ್ತೀ ಎಂದು ನಾನು ಕೇಳಿದ ಐದಾರು ಹುಡುಗರಲ್ಲಿ ಮೂವರು ಕಾರು ಎಂದರು, ಒಬ್ಬ ಜೆಸಿಬಿ ಕಲಿಯುತ್ತೇನೆ ಎಂದ. ಜೆಸಿಬಿಯವನು ಬುದ್ಧಿವಂತ. ಮುಳುಗುವ ಊರಿನ ಬದಲಿಗೆ ಇನ್ನೊಂದು ಊರು ಕಟ್ಟಲೇಬೇಕಲ್ಲ.

ಈಗ ಮೂಲೆಗೆ ಹೋದ ವಿದ್ಯೆಯ ಮಾತು. ಜಮಖಂಡಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ, ನಿವೃತ್ತ ಮಾಸ್ತರರು. ಅವರ ಅಪ್ಪ ಊರ ಕುಲಕರ್ಣಿ. ವತನ ಹೋದಾಗ ಮಗನಿಗೆ ಏಳೆಂಟು ವರ್ಷ. ದಫ್ತರ ತಲಾಠಿಗೆ ಒಪ್ಪಿಸಿ ಬಂದ ದಿನ ಅಪ್ಪ ಮಗನನ್ನು ಮುಂದೆ ಕೂರಿಸಿಕೊಂಡು ಮೋಡಿ ಅಕ್ಷರ ತಿದ್ದಿಸಲು ಶುರುಮಾಡಿದರಂತೆ. ಯಾವುದಕ್ಕೂ ಬಾರದ ವಿದ್ಯೆ ಎಂದು ಗೊತ್ತಿದ್ದೇ ಕಲಿಸಿದರು. ಸಂಸ್ಥಾನದ ಕಾಲದ ಸನದು, ಖರೀದಿ ಪತ್ರ, ವಾಟಣಿ ಪತ್ರಗಳಲ್ಲಿ ಎಷ್ಟೋ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಇವೆ. ಇವತ್ತು ತಹಶೀಲ್ದಾರರ ಕಚೇರಿಯಲ್ಲಾಗಲಿ ವಕೀಲರ ಹತ್ತಿರವಾಗಲಿ ಅದನ್ನು ಓದುವವರು ಸಿಗುವುದು ಕಷ್ಟ.

ನಾನು ಅವರ ಹತ್ತಿರ ಹೋದದ್ದು ಈ ಲೇಖನದ ಸಾಮಗ್ರಿಗಾಗಿ. ಕಾಗದಪತ್ರ ಪರಿಶೀಲನೆಯ ಕೆಲಸದಲ್ಲಿದ್ದೆ ಎಂದು ಹೇಳಿದಾಗ ಅವರು ಒಂದು ಹಳದಿ ಹಾಳೆ ಮುಂದಿಟ್ಟು, "ಇದರಾಗ ಸುಳ್ಳು ಎಲ್ಲೈತಿ ಹೇಳಪಾ" ಎಂದರು. ನನಗೆ ಒಂದಕ್ಷರ ಬರುತ್ತಿರಲಿಲ್ಲ. ಆದರೆ ಕೆಳಗಿನಿಂದ ಮೂರನೆಯ ಸಾಲಿನಲ್ಲಿ ಶಾಯಿಯ ಬಣ್ಣ ಬೇರೆ, ಕೈ ಬೇರೆ, ಆಮೇಲೆ ತುರುಕಿದ್ದು ಎಂದು ಕಂಡಿತು. ಒಂಬತ್ತು ವರ್ಷ ನಾನು ಮಾಡಿದ್ದು ಅದನ್ನೇ. ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾಳಿಗಿ ಬಾ" ಎಂದರು.

ಮೋಡಿಯಲ್ಲಿ ಮೊದಲು ಹಾಳೆಯ ಅಡ್ಡಕ್ಕೂ ಗೆರೆ ಎಳೆಯಬೇಕು, ಆಮೇಲೆ ಅಕ್ಷರಗಳನ್ನು ಅದಕ್ಕೆ ಇಳಿಬಿಡಬೇಕು. ಲೆಕ್ಕಣಿಕೆ ಎತ್ತಬಾರದು. ಹ್ರಸ್ವ ದೀರ್ಘಗಳ ಭೇದ ಇಲ್ಲ. ಶಬ್ದಕ್ಕೂ ಶಬ್ದಕ್ಕೂ ನಡುವೆ ಜಾಗ ಇಲ್ಲ. ಅರ್ಥ ಗೊತ್ತಿಲ್ಲದೆ ಓದಲು ಬರುವುದಿಲ್ಲ, ಓದದೆ ಅರ್ಥ ಗೊತ್ತಾಗುವುದಿಲ್ಲ. ಮೊದಲ ತಿಂಗಳು ನಾನು ಬರೆದದ್ದನ್ನೆಲ್ಲ ಮಾಸ್ತರರು ಒಂದು ಮಾತೂ ಆಡದೆ ಒರೆಸಿಬಿಡುತ್ತಿದ್ದರು. ಕಾಕಾನ ಮೇಸ್ತ್ರಿ ನೆನಪಾಗುತ್ತಿದ್ದ. ಹನ್ನೊಂದು ತಿಂಗಳಾದವು. ಬೆಳಿಗ್ಗೆ ಬಾಗಲಕೋಟೆಯ ಒಂದು ವಕೀಲರ ಕಚೇರಿಯಲ್ಲಿ ಟೈಪು, ಮಧ್ಯಾಹ್ನ ಮೋಡಿ. ಆ ಸರ್ಕಾರಿ ಅರ್ಜಿಯನ್ನೂ ಹಾಕಿದ್ದೇನೆ, ಕರೆ ಬಂದಾಗ ಬರಲಿ.

ಕಳೆದ ತಿಂಗಳು ಕೃಷ್ಣೆಯ ದಂಡೆಯ ಒಂದು ಊರಿನಿಂದ ಅಣ್ಣತಮ್ಮಂದಿರಿಬ್ಬರು ಒಂದು ವಾಟಣಿ ಪತ್ರ ತಂದರು. ಮೂರನೆಯ ಹಂತದ ಪರಿಹಾರ ಬರುವ ಮೊದಲು ತಮ್ಮ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಅವರಿಗೆ ತಿಳಿಯಬೇಕಿತ್ತು. ಮಾಸ್ತರರು ಕಾಗದ ನನ್ನ ಕಡೆ ಸರಿಸಿದರು. ಎರಡು ದಿನ ಹಿಡಿಯಿತು. ಮೂಡಣಕ್ಕೆ ಹೊಳೆ, ಪಡುವಣಕ್ಕೆ ಹಾದಿ, ನಡುವೆ ಇಷ್ಟು ಮಾರು ಉಸುಕಿನ ನೆಲ, ಅದರಲ್ಲಿ ಬ್ಯಾಸಗಿ ಬೆಳೆ ಹಾಕುವ ಹಕ್ಕು ಕಿರಿಯವನದು ಎಂದಿತ್ತು. ಉಸುಕಿನ ಬೆಳೆಗೂ ಹಕ್ಕು ಬರೆದಿದ್ದರಾ ಎಂದು ಅಣ್ಣನಿಗೆ ಸಿಟ್ಟು ಬಂತು, ತಮ್ಮ ಇನ್ನೊಮ್ಮೆ ಓದಿಸಿದ. ಆ ಸಾಲನ್ನು ಕನ್ನಡದಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಮುನ್ನೂರು ರೂಪಾಯಿ ತಗೊಂಡೆ. ಮಾಸ್ತರರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, 'ಮಾರು' ಎಂಬಲ್ಲಿ ನನ್ನ ಒಂದು ತಪ್ಪು ತಿದ್ದಿದರು.